ನಾನು ಉಪವಾಸ ಮಾಡಿರಲಿಲ್ಲ

ನಾನು ಉಪವಾಸ ಮಾಡಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನಮ್ಮ ಇಗರ್ಜಿಗೆ ಬರುವವರಲ್ಲಿ ಅರ್ಧ ಜನ ನಾನು ಹರಕೆ ಹೊತ್ತು ಊಟ ಬಿಟ್ಟು ಟಿ.ಬಿ. ಹಿಡಿಸಿಕೊಂಡೆ ಅಂತ ಇವತ್ತಿಗೂ ನಂಬಿದ್ದಾರೆ. ಉಳಿದ ಅರ್ಧ ಜನ, ಹರಕೆ ಮುರಿದದ್ದಕ್ಕೆ ಬಂತು ಅನ್ನುತ್ತಾರೆ. ಎರಡೂ ಸುಳ್ಳು. ನನಗೆ ಊಟ ಸೇರುತ್ತಿರಲಿಲ್ಲ, ಅಷ್ಟೆ. ಆರು ತಿಂಗಳು ಗುಳಿಗೆ ನುಂಗಿ ಈಗ ಗುಣವಾಗಿದ್ದೇನೆ. ಹೋದ ತೂಕ ಮರಳಿ ಬಂದಿದೆ, ಸಂಜೆಯ ಜ್ವರ ಹೋಗಿದೆ. ಸಿಟ್ಟೊಂದು ಹೋಗಿಲ್ಲ. ಅದು ಹೋಗಲಿ ಅಂತ ನಾನು ಪ್ರಾರ್ಥನೆಯನ್ನೂ ಮಾಡಿಲ್ಲ.

ನಾನು ಫ್ಲೋರಿನ್. ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಕಾರವಾರದ ಹತ್ತಿರ ಚೆಂಡಿಯಾ ಕಡೆ. ಗಂಡನ ಮನೆಯವರ ಹಳೇ ಮನೆ, ಬಾವಿ, ದೋಣಿ ಎಳೆಯುವ ದಂಡೆ ಎಲ್ಲ ನೌಕಾನೆಲೆಯ ಬೇಲಿಯ ಒಳಗೆ ಹೋದವು. ಈಗಿರುವುದು ಪುನರ್ವಸತಿಯ ಜಾಗದಲ್ಲಿ ಕಟ್ಟಿಕೊಂಡ ಮನೆ. ಗಂಡ ಆಂತೋನ್ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ನಮ್ಮ ಜೊತೆ ಅವರ ಅಕ್ಕ ಕಾರ್ಮಿನ್ ಇದ್ದಾರೆ. ಮದುವೆಯಾಗಿಲ್ಲ, ಅರವತ್ತು ದಾಟಿದೆ. ಅಕ್ಕನಿಗೆ ನಮ್ಮಲ್ಲಿ ಬಾಯಿ ಅನ್ನುವುದು ರೂಢಿ, ಹಾಗಾಗಿ ನನಗೂ ಅವರು ಕಾರ್ಮಿನ್ ಬಾಯಿ. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಇಲ್ಲಿ ಬರುವ ಮನೆಯ ಮಾತನ್ನೆಲ್ಲ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ನಮ್ಮ ಸಣ್ಣ ಇಗರ್ಜಿಯಲ್ಲಿ ಭಾನುವಾರ ಕೊಂಕಣಿ ಪೂಜೆ, ವಾರದ ದಿನ ಸಂಜೆ ಕನ್ನಡ ಪೂಜೆ. ಬೂದಿ ಬುಧವಾರದಿಂದ ಈಸ್ಟರ್ ಅಂದರೆ ಪಾಸ್ಕ ಹಬ್ಬದವರೆಗಿನ ತಪಸ್ಸು ಕಾಲದಲ್ಲಿ ಪ್ರತಿದಿನ ಬೈಬಲಿನಿಂದ ಓದುವ ಮೊದಲ ವಾಚನವನ್ನು ಒಬ್ಬೊಬ್ಬರಿಗೆ ಹಂಚುತ್ತಾರೆ. ಓದಿದವರು ಕೊನೆಗೆ ಎರಡು ನಿಮಿಷ ಆ ವಾಚನದ ಬಗ್ಗೆ ತಮಗೆ ತೋಚಿದ್ದನ್ನು ಹೇಳಬೇಕು. ಯಾವ ದಿನ ಯಾರು ಅನ್ನುವ ಪಟ್ಟಿ ಒಳಕೋಣೆಯ ಬಾಗಿಲ ಹಿಂದೆ ತೂಗುತ್ತದೆ. ಹದಿನೆಂಟು ವರ್ಷ ಆ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಹಬ್ಬದ ಸೀರೆಯೂ ಬಂಗಾರವೂ ನನಗೆ ಅಂಥ ದೊಡ್ಡದಲ್ಲ, ಆದರೆ ಆ ವಾಚನ ಪೀಠದ ಮುಂದೆ ನಿಂತು ಓದುವುದು ನನಗೆ ದೊಡ್ಡದು. ಕಾಯಿಲೆ ನನ್ನಿಂದ ಕಿತ್ತುಕೊಳ್ಳಲು ನೋಡಿದ್ದು ಅದನ್ನು. ಕಾಯಿಲೆ ಅನ್ನುವುದೂ ತಪ್ಪು. ಕಿತ್ತುಕೊಳ್ಳಲು ನೋಡಿದವರು ಮನುಷ್ಯರು.

ಜನವರಿಯ ಮೊದಲ ವಾರದ ಮೂರು ರಾಯರ ಹಬ್ಬ ಮುಗಿದ ಮೇಲೆ ನನಗೆ ಮೀನಿನ ವಾಸನೆ ಆಗದಾಯಿತು. ಕಡಲ ಬದಿಯ ಕ್ರಿಸ್ತುವರ ಮನೆಯಲ್ಲಿ ಮೀನು ಬೇಡ ಅಂದರೆ ಅದು ಸಣ್ಣ ಸಂಗತಿಯಲ್ಲ. ತಟ್ಟೆಯಲ್ಲಿ ಹಾಕಿದ ಗಂಜಿ ಅರ್ಧ ಹಾಗೇ ಉಳಿಯುತ್ತಿತ್ತು. ಒಣ ಕೆಮ್ಮು ಬೇರೆ. ಪೇಟೆಯ ಒಬ್ಬ ಡಾಕ್ಟರು ಎದೆಗೆ ಯಂತ್ರ ಇಟ್ಟು ನೋಡಿ, ಹೊಟ್ಟೆಯ ಹುಳಿ ಮೇಲಕ್ಕೆ ಬರುತ್ತಿದೆ, ಸೀಮೆಸುಣ್ಣದ ಧೂಳೂ ಇರಬಹುದು ಅಂತ ಒಂದು ಬಾಟಲಿ ಔಷಧ ಬರೆದರು. ಅದು ಮುಗಿದ ಮೇಲೆ ಇನ್ನೊಂದು ಬರೆದರು. ಎಕ್ಸ್‌ರೇ ತೆಗೆಸಿ ಅಂತ ಒಂದು ಮಾತು ಅವರ ಬಾಯಿಂದ ಬರಲಿಲ್ಲ.

ಆ ಮಾತು ಬಂದದ್ದು ಸುಮಿತ್ರಾಳ ಬಾಯಿಂದ. ಸುಮಿತ್ರಾ ಅಮದಳ್ಳಿಯವಳು, ನಮ್ಮ ಭಾಗದ ಆಶಾ ಕಾರ್ಯಕರ್ತೆ, ಹಿಂದೊಮ್ಮೆ ನನ್ನ ವಿದ್ಯಾರ್ಥಿನಿ. ಜನವರಿಯಲ್ಲಿ ಯಾವುದೋ ಸರ್ವೇಗೆ ಬಂದವಳು ನಾನು ಕೆಮ್ಮುವುದನ್ನು ಅಂಗಳದಲ್ಲೇ ನಿಂತು ಕೇಳಿದಳು.

"ಎಷ್ಟು ದಿನ ಆಯ್ತು ಅಕ್ಕೋರೆ ಈ ಕೆಮ್ಮು? ಹದಿನೈದು ದಿನ ಮೀರಿದ್ರೆ ಒಂದ್ಸಲ ಕಫ ಕೊಟ್ಬಿಡಿ. ಡಬ್ಬಿ ನನ್ನ ಚೀಲದಲ್ಲೇ ಅದೆ."

ನನಗೆ ಮೈ ಉರಿದುಹೋಯಿತು. ಟಿ.ಬಿ. ಅನ್ನುವುದು ಕುಡಿಯುವವರಿಗೆ, ಗುಡಿಸಲಲ್ಲಿ ಇರುವವರಿಗೆ ಬರುವ ಕಾಯಿಲೆ ಅಂತ ನನ್ನ ಎಣಿಕೆ. ಶಾಲೆಯ ಗೋಡೆಗೆ ಆ ಕಾಯಿಲೆಯ ಭಿತ್ತಿಪತ್ರವನ್ನು ನಾನೇ ನಿಂತು ಅಂಟಿಸಿದ್ದೇನೆ. ಅದರಲ್ಲಿ ಬರೆದದ್ದು ನನಗೂ ಸೇರಿ ಅಂತ ಹೊಳೆಯಲೇ ಇಲ್ಲ. ಬೇಕಾದವರ ಮನೆಗೆ ತೆಗೆದುಕೊಂಡು ಹೋಗು ನಿನ್ನ ಡಬ್ಬಿ ಅಂದೆ. ಅವಳು ಚೀಲ ಹೆಗಲಿಗೇರಿಸಿ ಹೋದಳು. ಈ ಬರಹದಲ್ಲಿ ಎಷ್ಟೋ ಜನರ ಮೇಲೆ ಸಿಟ್ಟು ಮಾಡುವವಳಿದ್ದೇನೆ. ಪಟ್ಟಿಯ ಮೊದಲ ಹೆಸರು ನನ್ನದೇ ಇರಲಿ.

ಇತ್ತ ಮನೆಯಲ್ಲಿ ಇನ್ನೊಂದು ಕಥೆ ಬೆಳೆಯುತ್ತಿತ್ತು. ನನ್ನ ಮಗಳು ಗೋವೆಯ ವಾಸ್ಕೋದಲ್ಲಿ ತುಂಬು ಬಸುರಿ. ಹಿಂದೆ ಎರಡು ಸಲ ಗರ್ಭ ನಿಂತಿರಲಿಲ್ಲ. ನಾನು ಮೀನು ಬಿಟ್ಟದ್ದನ್ನು ನೋಡಿದ ಕಾರ್ಮಿನ್ ಬಾಯಿ, ಇವಳು ಮಗಳಿಗಾಗಿ ಹರಕೆ ಹೊತ್ತಿದ್ದಾಳೆ, ತಪಸ್ಸು ಕಾಲವನ್ನು ಮೊದಲೇ ಶುರು ಮಾಡಿದ್ದಾಳೆ ಅಂತ ತಾವೇ ತೀರ್ಮಾನ ಮಾಡಿದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಹರಕೆಯನ್ನು ಹೊತ್ತವರ ಬಾಯಿಂದ ಕೇಳಬಾರದು ಅನ್ನುವ ಮರ್ಯಾದೆ ಅವರದು. ಜಪಸರದ ಕೂಟದಲ್ಲಿ ಮಾತ್ರ ಹೇಳಿದರು. ಮರುವಾರದಿಂದ ಹೆಂಗಸರು ನನ್ನ ಮೊಣಕೈ ಮುಟ್ಟಿ, ಎಂಥ ವಿಶ್ವಾಸ ನಿನ್ನದು ಅನ್ನತೊಡಗಿದರು. ಕುತ್ತಿಗೆಯ ಎಲುಬು ಕಂಡಷ್ಟೂ ನನ್ನ ಭಕ್ತಿ ದೊಡ್ಡದಾಯಿತು. ನಾನು ಅಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಹೊಗಳಿಕೆ ಹಿತವಾಗಿತ್ತು, ಇನ್ನೇನು ಹೇಳಲಿ. ಫೆಬ್ರವರಿ ಮೊದಲಿಗೆ ಮಗಳಿಗೆ ಸುಖವಾಗಿ ಹೆರಿಗೆಯಾಗಿ ಹೆಣ್ಣುಮಗು ಬಂತು. ಅಲ್ಲಿಗೆ ನನ್ನ ಹರಕೆ ಫಲಿಸಿದ್ದೂ ಆಯಿತು.

ಬೂದಿ ಬುಧವಾರದ ಶುಭಸಂದೇಶ ಎಲ್ಲರಿಗೂ ಗೊತ್ತಿರುವುದೇ. ಉಪವಾಸ ಮಾಡುವಾಗ ಮುಖ ಬಾಡಿಸಿಕೊಂಡು ಜನರಿಗೆ ತೋರಿಸಬೇಡಿ, ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೊಳ್ಳಿ, ಅದು ದೇವರಿಗೆ ಮಾತ್ರ ತಿಳಿದರೆ ಸಾಕು ಅನ್ನುತ್ತಾನೆ ಯೇಸು. ಅದನ್ನು ಓದಿ ಮುಗಿಸಿ, ಪುಸ್ತಕ ಮುಚ್ಚಿ, ಮುಂದಿನ ಉಸಿರಿಗೇ ನಮ್ಮ ಫಾದರ್ ಪ್ರಸಂಗದಲ್ಲಿ, ನಮ್ಮ ನಡುವೆಯೇ ಒಬ್ಬ ಟೀಚರ್ ಇದ್ದಾರೆ, ಅವರ ಮುಖ ನೋಡಿದರೆ ಸಾಕು ಉಪವಾಸ ಏನು ಅಂತ ತಿಳಿಯುತ್ತದೆ ಅಂದರು. ಇಡೀ ಇಗರ್ಜಿ ತಿರುಗಿ ನನ್ನ ಕಡೆ ನೋಡಿತು. ಆಗ ನನಗೆ ನೂರಾ ಒಂದು ಡಿಗ್ರಿ ಜ್ವರ. ಹಣೆಯ ಮೇಲಿನ ಬೂದಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು.

ಮರುದಿನ ಬಿಟ್ಟು ಶುಕ್ರವಾರ ಶಿಲುಬೆಹಾದಿ, ಯೇಸು ಶಿಲುಬೆ ಹೊತ್ತು ನಡೆದದ್ದನ್ನು ಹೆಜ್ಜೆ ಹೆಜ್ಜೆಗೆ ನೆನೆಯುವ ಪ್ರಾರ್ಥನೆ. ಹದಿನಾಲ್ಕು ಸ್ಥಾನಗಳಲ್ಲಿ ಯೇಸು ಮೂರು ಸಲ ಬೀಳುತ್ತಾನೆ. ಒಂಬತ್ತನೆಯ ಸ್ಥಾನದಲ್ಲಿ, ಅವನು ಮೂರನೇ ಸಲ ಬೀಳುವಲ್ಲಿ, ಮೊಣಕಾಲೂರಿದವಳು ಎದ್ದು ನಿಲ್ಲಲಾರದೆ ನಾನೂ ಬಿದ್ದೆ. ಎಚ್ಚರವಾದಾಗ ಯಾರೋ ನೀರು ಚಿಮುಕಿಸುತ್ತಿದ್ದರು, ಇನ್ಯಾರೋ ನನ್ನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಕೆಮ್ಮು ಬಂತು. ಕರವಸ್ತ್ರದಲ್ಲಿ ರಕ್ತ ಕಂಡಿತು. ಅದನ್ನು ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡೆ.

ಆ ದಿನದ ವಾಚನ ಯೆಶಾಯ ಪ್ರವಾದಿಯದು. ಜೊಂಡಿನ ಹಾಗೆ ತಲೆ ಬಾಗಿಸಿಕೊಂಡು ಕೂತರೆ ಅದು ಉಪವಾಸವೇ ಅಂತ ದೇವರು ಬೈಯುತ್ತಾನೆ. ಹಸಿದವರಿಗೆ ರೊಟ್ಟಿ ಹಂಚು, ಬಂಧನದಲ್ಲಿರುವವರನ್ನು ಬಿಡಿಸು, ನಿನ್ನ ಸ್ವಂತ ರಕ್ತಮಾಂಸದಿಂದ ಮುಖ ತಿರುಗಿಸಬೇಡ ಅನ್ನುತ್ತಾನೆ. ರಕ್ತಮಾಂಸ ಅಂದರೆ ಬಂಧುಬಳಗ ಅಂತ ಪ್ರಸಂಗ ಮಾಡುವವರು ಅರ್ಥ ಹೇಳುತ್ತಾರೆ. ಮನೆಗೆ ಬಂದು ದಿನದ ವಾಚನಗಳ ಪುಟ್ಟ ಪುಸ್ತಕದಲ್ಲಿ ಅದನ್ನು ಓದಿದಾಗ ನನಗೆ ಆ ಅರ್ಥ ಆಗಲಿಲ್ಲ. ನನ್ನ ರಕ್ತ ನನ್ನ ಮುಷ್ಟಿಯಲ್ಲಿತ್ತು, ಎರಡು ತಿಂಗಳಿಂದ ಅದರಿಂದ ಮುಖ ತಿರುಗಿಸಿದ್ದವಳು ನಾನೇ ಆಗಿದ್ದೆ.

ಶನಿವಾರ ಬೆಳಿಗ್ಗೆ ಸುಮಿತ್ರಾ ತಾನಾಗಿ ಬಂದಳು. ಬಿದ್ದ ಸುದ್ದಿ ಅವಳಿಗೆ ತಲುಪಿತ್ತು. ಜನವರಿಯ ಮಾತನ್ನು ಎತ್ತಲಿಲ್ಲ. ಚೀಲದಿಂದ ಡಬ್ಬಿ ತೆಗೆದು ಕಟ್ಟೆಯ ಮೇಲೆ ಇಟ್ಟು, ಆಕಡೆ ತಿರುಗಿ ನಿಂತಳು, ನನಗೆ ನಾಚಿಕೆಯಾಗದಿರಲಿ ಅಂತ. ಪರೀಕ್ಷೆ ಅಂಕೋಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ಆಗಲಿ ಅಂತ ನಾನೇ ಹಟ ಹಿಡಿದೆ. ಕಾರವಾರದಲ್ಲಾದರೆ ಇಗರ್ಜಿಯ ಗುರುತಿನವರು ಕಾಣುತ್ತಾರೆ ಅನ್ನುವ ಹೆದರಿಕೆ. ಸೋಮವಾರ ಫಲಿತಾಂಶ ಬಂತು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಸುತ್ತಿ ಬಳಸಿ ಮಾತಾಡಲಿಲ್ಲ. ಟಿ.ಬಿ. ಇದೆ, ಗುಣವಾಗುತ್ತದೆ, ಆರು ತಿಂಗಳು ಒಂದು ದಿನವೂ ಗುಳಿಗೆ ತಪ್ಪಬಾರದು, ಮೀನು ಮೊಟ್ಟೆ ಕಾಳು ಚೆನ್ನಾಗಿ ತಿನ್ನಬೇಕು ಅಂದರು. ಮೊದಲ ಕೆಲವು ವಾರ ಬೇರೆ ಕೋಣೆಯಲ್ಲಿ ಕಿಟಕಿ ತೆರೆದು ಮಲಗಿ, ಮಾಸ್ಕ್ ಹಾಕಿ, ಎಳೆಮಗುವಿನ ಹತ್ತಿರ ಹೋಗಬೇಡಿ ಅಂದರು. ಅಲ್ಲಿಯವರೆಗೆ ಕಲ್ಲಿನ ಹಾಗೆ ಕೂತಿದ್ದವಳು ಮಗು ಅಂದಾಗ ಅತ್ತೆ. ಮೊಮ್ಮಗಳನ್ನು ಇನ್ನೂ ನೋಡಿರಲಿಲ್ಲ.

ಗುಳಿಗೆಗೆ ಅಂತ ಮಂಗಳವಾರ ಮತ್ತೆ ಹೋದಾಗ ಹೊರಗಿನ ಬೆಂಚಿನ ಮೇಲೆ ಭಾವಿಕೇರಿಯ ಒಬ್ಬ ಮುದುಕರು ಕೂತಿದ್ದರು. ಶೇಂಗಾ ಬೆಳೆಯುವವರಂತೆ. ನನ್ನ ಮುಖ ನೋಡಿ, ಎಷ್ಟನೇ ತಿಂಗಳು ಅಂತ ಕೇಳಿದರು. ಬಸುರಿಯನ್ನು ಕೇಳುವ ಧಾಟಿಯಲ್ಲೇ ಕೇಳಿದ್ದು. ಇವತ್ತು ಮೊದಲ ದಿನ ಅಂದೆ. ತನಗೆ ಐದನೆಯದು ಅಂತ ಬೆರಳು ಬಿಡಿಸಿ ತೋರಿಸಿದರು.

"ನಾಳೆಯಿಂದ ಮೂತ್ರ ಕೆಂಪು ಬರ್ತದೆ. ರಕ್ತ ಅಲ್ಲ ಅದು, ಔಷಧದ ಬಣ್ಣ. ಹೆದರೂದು ಬೇಡ ಮಗಳೆ. ನಾನು ಹೆದರಿ ಒಂದಿನ ಗುಳಿಗೆ ಬಿಟ್ಟಿದ್ದೆ."

ಐವತ್ತು ದಾಟಿದ ನನ್ನನ್ನು ಮಗಳೆ ಅಂದರು. ಪಂಚೆಯ ಗಂಟು ಬಿಚ್ಚಿ ಹುರಿದ ಶೇಂಗಾ ಕೊಟ್ಟರು. ಎಷ್ಟೋ ವಾರಗಳ ನಂತರ ಒಬ್ಬರು ನನ್ನನ್ನು ಹೊಗಳದೆ, ಸುಮ್ಮನೆ ತಿನ್ನಲು ಕೊಟ್ಟದ್ದು ಅದು. ಅಲ್ಲೇ ಕೂತು ತಿಂದೆ.

ಮನೆಯಲ್ಲಿ ಆಂತೋನ್‌ಗೆ ಸಮಾಧಾನವಿರಲಿಲ್ಲ. ಪುಕ್ಕಟೆ ಗುಳಿಗೆಯಲ್ಲಿ ಏನು ಗುಣವಾಗುತ್ತದೆ, ಗೋವೆಗೆ ಹೋಗುವ, ಇಲ್ಲ ದಕ್ಷಿಣದ ಯಾವುದಾದರೂ ದೊಡ್ಡ ಆಸ್ಪತ್ರೆಗೆ ಹೋಗುವ ಅಂತ ದಿನಾ ಒಂದೇ ಮಾತು. ಅವರನ್ನು ಬೈಯುವುದೂ ಕಷ್ಟ. ಈ ಜಿಲ್ಲೆಯಲ್ಲಿ ಸ್ವಲ್ಪ ಜೋರಾಗಿ ಕಾಯಿಲೆ ಬಿದ್ದರೆ ಜನ ಮೊದಲು ಗಾಡಿ ಹುಡುಕುತ್ತಾರೆ, ಆಮೇಲೆ ದೇವರನ್ನು ನೆನೆಯುತ್ತಾರೆ. ದೊಡ್ಡ ಆಸ್ಪತ್ರೆ ಬೇಕು ಅಂತ ಕೂಗಿ ಕೂಗಿ ಊರಿನ ಗಂಟಲು ಒಣಗಿದೆ. ಹಾಗಾಗಿ ಹತ್ತಿರದಲ್ಲಿ ಸಿಕ್ಕಿದ ಔಷಧ ನಮಗೆ ಔಷಧದಂತೆ ಕಾಣುವುದೇ ಇಲ್ಲ.

ತಪಸ್ಸು ಕಾಲದ ಮೂರನೇ ವಾರದ ಸೋಮವಾರ ಕೋಣೆಯಲ್ಲಿ ಒಬ್ಬಳೇ ಕೂತು ನಾಮಾನನ ವಾಚನ ಓದಿದೆ. ಸಿರಿಯಾದ ಸೇನಾಪತಿ, ಕುಷ್ಠ ಹಿಡಿದವನು. ಹೋಗಿ ಜೋರ್ಡಾನ್ ಹೊಳೆಯಲ್ಲಿ ಏಳು ಸಲ ಮುಳುಗು ಅಂತ ಪ್ರವಾದಿ ಹೇಳಿ ಕಳಿಸಿದರೆ ಅವನಿಗೆ ಸಿಟ್ಟು. ಇಷ್ಟೇ ಅಂತಾದರೆ ನಮ್ಮೂರಲ್ಲಿ ಇದಕ್ಕಿಂತ ಒಳ್ಳೆಯ ಹೊಳೆಗಳಿಲ್ಲವೇ ಅಂತ ಗಾಡಿ ತಿರುಗಿಸುತ್ತಾನೆ. ಅವನಿಗೆ ಬುದ್ಧಿ ಹೇಳಿದ್ದು ಮನೆಯ ಆಳುಗಳು. ಸೆರೆಸಿಕ್ಕು ಬಂದ ಒಂದು ಹುಡುಗಿ ದಾರಿ ತೋರಿಸಿರದಿದ್ದರೆ ಅವನು ಅಲ್ಲಿಯವರೆಗೂ ಬರುತ್ತಿರಲಿಲ್ಲ. ಅವಳ ಹೆಸರನ್ನು ಕೂಡ ಯಾರೂ ಬರೆದಿಟ್ಟಿಲ್ಲ. ಇಷ್ಟು ವರ್ಷ ಇದನ್ನು ನಾಮಾನನ ಕಥೆ ಅಂತ ಓದಿದ್ದೆ. ಆ ದಿನ ಓದುತ್ತ ಸುಮಿತ್ರಾಳಿಗೆ ಫೋನ್ ಮಾಡಿ, ನನ್ನನ್ನು ಕ್ಷಮಿಸು ಮಾರಾಯ್ತಿ ಅಂದೆ. ಅವಳಿಗೆ ಏನಂತ ತಿಳಿಯಲಿಲ್ಲ. ಗುಳಿಗೆ ತಗೊಂಡ್ರಾ ಅಂತ ಕೇಳಿದಳು.

ಈಗ ಬಂಗಡೆಯ ವಿಷಯ. ನಮ್ಮ ಮನೆಯಲ್ಲಿ ತಪಸ್ಸು ಕಾಲದಲ್ಲಿ ಮೀನು ಬೇಯುವುದಿಲ್ಲ. ಡಾಕ್ಟರಮ್ಮನ ಮಾತು ಕೇಳಿ ಕಾರ್ಮಿನ್ ಬಾಯಿ ಎರಡು ದಿನ ಒದ್ದಾಡಿದರು. ಕಾಯಿಲೆಯವರಿಗೆ ಉಪವಾಸವಿಲ್ಲ ಅಂತ ಧರ್ಮಸಭೆಯ ನಿಯಮವೇ ಇದೆ, ಅದು ಅವರಿಗೂ ಗೊತ್ತು. ಆದರೆ ಊರೆಲ್ಲ ಹರಕೆ ಅಂತ ಸಾರಿದವರು ಅವರೇ ತಾನೆ. ಕೊನೆಗೆ ಅಡುಗೆಮನೆಯ ಕಿಟಕಿ ಬಾಗಿಲು ಎಲ್ಲ ಹಾಕಿಕೊಂಡು ಬಂಗಡೆ ಸಾರು ಮಾಡಿದರು. ಹೊಗೆಗೆ ಅವರ ಕಣ್ಣು ಕೆಂಪಾಗಿತ್ತು. ಬಂಗಡೆಯ ಪರಿಮಳ ಬಾಗಿಲು ಹಾಕಿದರೆ ನಿಲ್ಲುತ್ತದೆಯೇ. ಮರುದಿನವೇ ಬೀದಿಯಲ್ಲಿ ಮಾತಾಯಿತು: ಹರಕೆ ಫಲಿಸಿದ ಕೂಡಲೇ ಫ್ಲೋರಿನ್ ಮೀನು ತಿಂದಳು, ಅದಕ್ಕೇ ದೇವರು ಎದೆಗೆ ಕೊಟ್ಟ. ಕಾಯಿಲೆ ಮೊದಲು ಬಂದದ್ದು, ಮೀನು ಆಮೇಲೆ ಬಂದದ್ದು ಅನ್ನುವ ಲೆಕ್ಕ ಯಾರಿಗೂ ಬೇಡ. ನಾನು ಒಂದು ತುಂಡು ಬಂಗಡೆ ತಿಂದದ್ದಕ್ಕೆ ದೇವರು ಹಿಂದಿನ ಡಿಸೆಂಬರಿಗೆ ಹೋಗಿ ಕ್ರಿಮಿ ಬಿಟ್ಟು ಬಂದ ಅಂತಾಯಿತು.

ಹಾಗಂತ ಕಾರ್ಮಿನ್ ಬಾಯಿ ದೊಡ್ಡ ಮನಸ್ಸು ಮಾಡಿದರು ಅಂತ ತಿಳಿಯಬೇಡಿ. ನನ್ನ ತಟ್ಟೆ ಲೋಟ ಬೇರೆ ಮಾಡಿದವರು ಅವರು. ಸಾರನ್ನು ಬಾಗಿಲ ಹೊರಗೆ ಇಟ್ಟು, ಎರಡು ಸಲ ಬಾಗಿಲು ತಟ್ಟಿ, ನಾನು ತೆಗೆಯುವ ಮೊದಲು ಓಡುತ್ತಿದ್ದರು. ಇದು ತಟ್ಟೆಯಿಂದ ಬರುವುದಲ್ಲ, ಕೆಮ್ಮಿದ ಗಾಳಿಯಿಂದ ಬರುವುದು ಅಂತ ಸುಮಿತ್ರಾ ಕೂತು ಬಿಡಿಸಿ ಹೇಳಿದಳು. ಅವರದೂ ಆಂತೋನ್‌ದೂ ಎಕ್ಸ್‌ರೇ ತೆಗೆಸಿದಳು, ಇಬ್ಬರಿಗೂ ಏನೂ ಇರಲಿಲ್ಲ. ಆದರೂ ತಟ್ಟೆ ಬೇರೆಯೇ ಉಳಿಯಿತು. ಆಂತೋನ್ ಇನ್ನೊಂದು ರೀತಿ. ದಾರಿಯಲ್ಲಿ ಯಾರಾದರೂ ಹೆಂಡತಿಗೆ ಏನಾಗಿದೆ ಅಂದರೆ, ಅವಳನ್ನೇ ಕೇಳಿ ಅಂತ ಸೈಕಲ್ ತುಳಿದುಬಿಡುತ್ತಿದ್ದರು.

ಪಟ್ಟಿಯಲ್ಲಿ ನಾಲ್ಕನೇ ವಾರದ ಮಂಗಳವಾರ ನನ್ನದಾಗಿತ್ತು. ಕಾಯಿಲೆ ತಿಳಿದ ಕೂಡಲೇ ಫಾದರ್ ಅದನ್ನು ಕಾರ್ಮಿನ್ ಬಾಯಿಗೆ ಕೊಟ್ಟರು. ಮನೆಯ ಮರ್ಯಾದೆ ಮನೆಯಲ್ಲೇ ಉಳಿಯಲಿ ಅಂತ. ಆಗ ನಾನು ಒಪ್ಪಿದೆ. ಹರಡುವ ಕಾಯಿಲೆ ಇಟ್ಟುಕೊಂಡು ಜನರ ನಡುವೆ ನಿಲ್ಲುವುದು ತಪ್ಪು. ಆದರೆ ಆ ಮಂಗಳವಾರಕ್ಕೆ ಗುಳಿಗೆ ಶುರುವಾಗಿ ಮೂರು ವಾರ ತುಂಬುತ್ತಿತ್ತು. ಅದರ ಹಿಂದಿನ ಶುಕ್ರವಾರ ಡಾಕ್ಟರಮ್ಮ ನೋಡಿ, ಎರಡು ಕಿಲೋ ಏರಿದ್ದೀರಿ, ಮಂಗಳವಾರದಿಂದ ಜನರ ಜೊತೆ ಸೇರಬಹುದು, ನಿಮ್ಮಿಂದ ಯಾರಿಗೂ ಭಯವಿಲ್ಲ ಅಂತ ಚೀಟಿ ಬರೆದುಕೊಟ್ಟರು. ಆ ಚೀಟಿಯನ್ನು ಮೂರು ಸಲ ಓದಿದೆ.

ಭಾನುವಾರದ ಶುಭಸಂದೇಶ ಹುಟ್ಟುಕುರುಡನದು. ಇವನು ಕುರುಡನಾಗಿ ಹುಟ್ಟಲು ಯಾರ ಪಾಪ ಕಾರಣ, ಇವನದೋ ತಂದೆತಾಯಿಯದೋ ಅಂತ ಶಿಷ್ಯರು ಕೇಳುತ್ತಾರೆ. ಯಾರದೂ ಅಲ್ಲ ಅನ್ನುತ್ತಾನೆ ಯೇಸು. ಕಣ್ಣು ಬಂದ ಮೇಲೆ ಅವನ ಗತಿ ನೋಡಿ. ನೆರೆಯವರು ಇವನು ಅವನೇ ಅಲ್ಲ ಅನ್ನುತ್ತಾರೆ. ದೊಡ್ಡವರು ಕರೆಸಿ ವಿಚಾರಣೆ ಮಾಡುತ್ತಾರೆ. ಹೆತ್ತವರು ಹೆದರಿ, ಅವನಿಗೇ ವಯಸ್ಸಾಗಿದೆ, ಅವನನ್ನೇ ಕೇಳಿ ಅನ್ನುತ್ತಾರೆ. ಇದನ್ನು ಓದುವಾಗ ನನಗೆ ಆಂತೋನ್ ಸೈಕಲ್ ತುಳಿಯುವುದೇ ಕಣ್ಣಿಗೆ ಬಂತು. ಕೊನೆಗೆ ಆ ಮನುಷ್ಯನನ್ನು ಸಭೆಯಿಂದ ಹೊರಗೆ ಹಾಕುತ್ತಾರೆ. ಕುರುಡನಾಗಿ ಬೇಡುತ್ತ ಕೂತಿದ್ದಷ್ಟು ದಿನ ಯಾರಿಗೂ ತೊಂದರೆ ಇರಲಿಲ್ಲ, ಗುಣವಾದದ್ದೇ ತಪ್ಪಾಯಿತು. ಫಾದರ್ ಬೆಳಿಗ್ಗೆ ಇದರ ಮೇಲೆ ಬಹಳ ಚೆನ್ನಾಗಿ ಪ್ರಸಂಗ ಮಾಡಿದರಂತೆ. ಕಾಯಿಲೆಗೆ ಪಾಪ ಕಾರಣವಲ್ಲ ಅಂತ ಒತ್ತಿ ಒತ್ತಿ ಹೇಳಿದರಂತೆ.

ಮಧ್ಯಾಹ್ನ ಅವರಿಗೆ ಫೋನ್ ಮಾಡಿ ಚೀಟಿಯ ವಿಷಯ ತಿಳಿಸಿ, ಮಂಗಳವಾರದ ವಾಚನ ನನಗೆ ಕೊಡಿ ಅಂದೆ. ಕೆಟ್ಟ ಮನುಷ್ಯರಲ್ಲ ಅವರು. ಚಿಕ್ಕ ವಯಸ್ಸು, ಜನಕ್ಕೆ ಹೆದರುತ್ತಾರೆ.

"ಡಾಕ್ಟರ್ ಹೇಳಿದ್ದು ಸರಿಯೇ ಇರಬಹುದು ಟೀಚರ್. ಆದರೆ ಜನರಿಗೆ ಮನಸ್ಸಿನಲ್ಲಿ ಅಳುಕು ಅದೆ. ಎಲ್ಲರೂ ಬಳಸುವ ಮೈಕು. ಈ ವರ್ಷ ಇದನ್ನೇ ನಿಮ್ಮ ತಪಸ್ಸು ಅಂತ ದೇವರಿಗೆ ಒಪ್ಪಿಸಿಬಿಡಿ."

ನಾನು ಬಿಡಲಿಲ್ಲ. "ಫಾದರ್, ನನ್ನ ಕಾಯಿಲೆಯನ್ನ ಒಂದ್ಸಲ ಎಲ್ಲರೂ ಸೇರಿ ತಪಸ್ಸು ಮಾಡಿದ್ರಿ. ನೀವು ಪ್ರಸಂಗದಲ್ಲಿ ಹೇಳಿದ್ರಿ, ನಾನು ಬಾಯಿ ಮುಚ್ಚಿ ಕೂತೆ. ಅದರಲ್ಲಿ ನಾನು ಸಾಯೂದಿತ್ತು. ಇನ್ನೊಂದ್ಸಲ ಅದನ್ನ ತಪಸ್ಸು ಅನ್ಬೇಡಿ."

ಅವರು, ನಿಮಗಾಗಿ ಪ್ರಾರ್ಥಿಸುತ್ತೇನೆ ಅಂದರು. ಪ್ರಾರ್ಥನೆ ಬೇಡ ಅನ್ನುವುದಿಲ್ಲ, ಪಟ್ಟಿಯಲ್ಲಿ ಹೆಸರು ಬೇಕು ಅಂದೆ. ಪಾಸ್ಕ ಕಳೆಯಲಿ, ನೋಡುವ ಅಂತ ಫೋನ್ ಇಟ್ಟರು.

ಅದೇ ಸಂಜೆ ನನ್ನ ಕೋಣೆಯ ಮುಚ್ಚಿದ ಬಾಗಿಲ ಆಚೆ ಕುರ್ಚಿ ಎಳೆದ ಸದ್ದಾಯಿತು. 'ಫ್ಲೋರಿ, ಇದನ್ನು ಸ್ವಲ್ಪ ಹೇಳಿಕೊಡು' ಅಂದರು ಕಾರ್ಮಿನ್ ಬಾಯಿ. ಹಳೇ ಕಾಲದ ಕಾರವಾರದವರ ಹಾಗೆ ಅವರು ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಅಕ್ಷರ ಗೊತ್ತು, ಕೂಡಿಸಿ ಕೂಡಿಸಿ ಓದುತ್ತಾರೆ. ಈ ಧೈರ್ಯ ನೋಡಿ. ನನ್ನ ಕೈಯಿಂದ ಕಿತ್ತ ವಾಚನವನ್ನು ನನ್ನ ಹತ್ತಿರವೇ ಕಲಿಯಲು ಬಂದಿದ್ದಾರೆ, ಅದೂ ಬಾಗಿಲು ಮುಚ್ಚಿಕೊಂಡು. ಬಾಯಿಗೆ ಬಂದದ್ದನ್ನು ಅನ್ನಬೇಕು ಅನಿಸಿತು. ಆದರೆ ಮೂವತ್ತು ವರ್ಷ ಮೇಷ್ಟ್ರಿಕೆ ಮಾಡಿದವಳಿಗೆ ತಪ್ಪು ಓದು ಕಿವಿಗೆ ಬಿದ್ದರೆ ಸುಮ್ಮನಿರಲು ಆಗುವುದಿಲ್ಲ. ಮೊದಲ ಸಾಲಿನಲ್ಲೇ ಮೂರು ತಪ್ಪು. ತಿದ್ದಿದೆ.

ಅದು ಯೆಜೆಕಿಯೇಲ ಪ್ರವಾದಿಯ ದರ್ಶನ. ದೇವಾಲಯದ ಹೊಸ್ತಿಲ ಕೆಳಗಿನಿಂದ ನೀರು ಹರಿಯುತ್ತದೆ. ಅಳೆಯುವವನು ಸಾವಿರ ಮೊಳ ನಡೆಸಿದಾಗ ನೀರು ಪಾದದ ಗಂಟಿನ ಮಟ್ಟ, ಇನ್ನೊಂದು ಸಾವಿರಕ್ಕೆ ಮೊಣಕಾಲು, ಆಮೇಲೆ ಸೊಂಟ, ಆಮೇಲೆ ಈಜಿಯೂ ದಾಟಲಾಗದ ಹೊಳೆ. ಅದು ಹೋಗಿ ಸೇರಿದ ಉಪ್ಪುಕಡಲು ಸಿಹಿಯಾಗುತ್ತದೆ, ಮೀನು ತುಂಬುತ್ತದೆ, ದಡದುದ್ದಕ್ಕೂ ಬಲೆ ಹರಡಲು ಜಾಗವಾಗುತ್ತದೆ. ಹೊಳೆಯ ಎರಡೂ ಬದಿಯ ಮರಗಳ ಎಲೆ ಔಷಧವಾಗುತ್ತದೆ. ಬಲೆ ಹರಡುವ ಸಾಲು ಬಂದಾಗ ಆಚೆ ಓದು ನಿಂತಿತು. ಬೇಲಿಯ ಒಳಗೆ ಹೋದ ದಂಡೆಯ ಮೇಲೆ ಬಲೆ ಒಣಗಿಸಿ ಬೆಳೆದವರು ಅವರು. ಮೂಗು ಎಳೆದುಕೊಂಡದ್ದು ಕೇಳಿಸಿತು. ಮುಂದೆ ಓದಿ ಬಾಯಿ ಅಂದೆ.

ಸೋಮವಾರ ಮತ್ತೆ ಎರಡು ತಾಸು. ಎಲೆ ಔಷಧವಾಗುವ ಸಾಲನ್ನು ಓದಿ ಮುಗಿಸಿದವರು ಬಾಗಿಲ ಆಚೆಯಿಂದಲೇ, ನಿನ್ನ ಗುಳಿಗೆ ಆಯ್ತಾ ಅಂತ ಕೇಳಿದರು. ಆಯ್ತು ಅಂದೆ. ಆಮೇಲೆ, "ಹರಕೆ ಅಂತ ಹೇಳಿದ್ದು ನಾನೇ ಅಲ್ವಾ" ಅಂದರು. ಹೌದು ಅಂದೆ. ಅಲ್ಲ, ನನ್ನದೂ ತಪ್ಪಿದೆ ಅಂತ ಸಮಾಧಾನ ಹೇಳಬಹುದಿತ್ತು. ಹೇಳಲಿಲ್ಲ. ಅವರು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಓದಿದರು. ಒಂದೂ ತಪ್ಪಿರಲಿಲ್ಲ. ನಾನು ತಿದ್ದಲು ಕಾದು ಕೂತಿದ್ದೆ, ಒಂದೇ ಒಂದು ಅಕ್ಷರವೂ ಸಿಗಲಿಲ್ಲ.

ಮಂಗಳವಾರ ಸಂಜೆ ಮಾಸ್ಕ್ ಹಾಕಿ ಇಗರ್ಜಿಗೆ ಹೋದೆ. ಕೊನೆಯ ಬೆಂಚಿನಲ್ಲಿ ಕೂತೆ. ಆ ಬೆಂಚಿನಲ್ಲಿದ್ದ ಇಬ್ಬರು ಎದ್ದು ಮುಂದೆ ಹೋದರು, ಹೋಗುವಾಗ ನಕ್ಕು ಹೋದರು. ಆ ನಗುವಿಗಿಂತ ಬೈದಿದ್ದರೆ ಚೆನ್ನಾಗಿತ್ತು. ವಾಚನದ ಹೊತ್ತಿಗೆ ಕಾರ್ಮಿನ್ ಬಾಯಿ ಎದ್ದರು. ಹಬ್ಬದ ಸೀರೆ ಉಟ್ಟಿದ್ದರು. ಪೀಠಕ್ಕೆ ಹೋಗಿ, ಪುಸ್ತಕ ತೆರೆದು, ಕನ್ನಡಕ ಹಾಕಿಕೊಂಡು, ಪುಟವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ಫಾದರ್ ಕಡೆ ತಿರುಗಿ ಕೊಂಕಣಿಯಲ್ಲೇ ಹೇಳಿದರು. ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

"ಫಾದರ್, ನನಗೆ ಕನ್ನಡ ಓದಲು ಬರುವುದಿಲ್ಲ. ಬರುವವಳು ಕೊನೆಯ ಬೆಂಚಿನಲ್ಲಿ ಕೂತಿದ್ದಾಳೆ."

ಫಾದರ್ ನನ್ನ ಕಡೆ ನೋಡಿದರು, ಜನರ ಕಡೆ ನೋಡಿದರು. ನಾನು ಅವರ ಅಪ್ಪಣೆಗೆ ಕಾಯಲಿಲ್ಲ. ನಡುವಿನ ದಾರಿಯಲ್ಲಿ ನಡೆದು ಹೋದೆ. ಪೀಠದ ಮುಂದೆ ನಿಂತು ಮಾಸ್ಕ್ ತೆಗೆದೆ. ಮೊದಲ ಬೆಂಚಿನವರು ಒಬ್ಬರ ಹಿಂದೆ ಒಬ್ಬರು ಎದ್ದು ಗೋಡೆ ಬದಿಗೆ ಸರಿದರು. ಆ ಬೆಂಚು ಪೂರಾ ಖಾಲಿಯಾಯಿತು.

ಕಾರ್ಮಿನ್ ಬಾಯಿ ತಮ್ಮ ಜಾಗಕ್ಕೆ ಹೋಗಲಿಲ್ಲ. ಆ ಖಾಲಿ ಬೆಂಚಿನ ನಟ್ಟನಡುವೆ, ನನ್ನ ಬಾಯಿಂದ ನಾಲ್ಕು ಮೊಳ ದೂರದಲ್ಲಿ, ಸೆರಗು ಸರಿಮಾಡಿಕೊಂಡು ಕೂತು ಮುಖ ಎತ್ತಿದರು. ನಾನು ಮೈಕನ್ನು ಪಕ್ಕಕ್ಕೆ ಸರಿಸಿ ಓದಲು ಶುರು ಮಾಡಿದೆ.